ಕೋರಿ ರೊಟ್ಟಿ ಬಂದ ಮೇಲೆ ಮಾರ್ಕು ಬದಲಾಯಿತು

ಆರು ಬಾಟಲಿಗೂ ನ್ಯೂಸ್ ಪೇಪರ್ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಸ್ಕೆಚ್ ಪೆನ್ನಿನಲ್ಲಿ ನಂಬರ್ ಬರೆದು ಸಾಲಾಗಿ ಇಟ್ಟಿದ್ದ ನನ್ನ ಗೆಳೆಯ. ಕ್ರೂಸ್ ಹಡಗಿನಲ್ಲಿ ವೈನ್ ಬಡಿಸುವುದೇ ಅವನ ಉದ್ಯೋಗ. ಕಾಂಟ್ರಾಕ್ಟ್ ಮುಗಿದು ಮಂಗಳೂರಿನ ಬೆಂದೂರಿನ ಮನೆಗೆ ರಜೆಯಲ್ಲಿ ಬಂದಿದ್ದ. ಎರಡು ಬಾಟಲಿ ಡ್ಯೂಟಿ ಫ್ರೀಯಲ್ಲಿ ತಂದದ್ದು, ಉಳಿದವು ಇಲ್ಲಿನ ಅಂಗಡಿಯವು. "ಸುಮ್ನೆ ಕುಡಿಯುವುದು ಬೇಡ ಮಾರಾಯ, ಮಾರ್ಕು ಹಾಕುವ" ಅಂದ. ನಾವು ಮೂವರು ಬಂದವರು. ನಾನು, ಬ್ಯಾಂಕಿನಲ್ಲಿರುವ ಒಬ್ಬ, ಮತ್ತೆ ಪುತ್ತೂರು ಕಡೆ ಅಡಿಕೆ, ಒಳ್ಳೆಮೆಣಸಿನ ತೋಟ ಇರುವ ಇನ್ನೊಬ್ಬ.

ಮಾರ್ಕಿನ ಶೀಟನ್ನೂ ಪ್ರಿಂಟ್ ಹಾಕಿಸಿದ್ದ. ಒಟ್ಟು 20 ಅಂಕ. ಬಣ್ಣಕ್ಕೆ, ತಿಳಿಗೆ, ಪರಿಮಳಕ್ಕೆ, ಹುಳಿಗೆ, ಚೊಗರಿಗೆ, ನುಂಗಿದ ಮೇಲೆ ಬಾಯಲ್ಲಿ ಉಳಿಯುವ ರುಚಿಗೆ ಬೇರೆ ಬೇರೆ ಕಾಲಂ. ಈ 20 ಅಂಕದ ಪದ್ಧತಿ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದಲ್ಲಂತೆ. ಗ್ಲಾಸನ್ನು ಬಿಳಿ ಕಾಗದದ ಮೇಲೆ ಓರೆ ಮಾಡಿ ಬಣ್ಣ ನೋಡಬೇಕು, ಒಮ್ಮೆ ಮೂಸಬೇಕು, ತಿರುಗಿಸಿ ಮತ್ತೆ ಮೂಸಬೇಕು. ಒಂದು ಗುಟುಕು ಬಾಯಲ್ಲಿಟ್ಟು ಗಾಳಿ ಎಳೆದು ಮುಕ್ಕಳಿಸಬೇಕು. ಆಮೇಲೆ ಬಕೆಟಿಗೆ ಉಗುಳಬೇಕು. ಅಡುಗೆಮನೆಯಿಂದ ಬಗ್ಗಿ ನೋಡಿದ ಅವನ ಅಮ್ಮನಿಗೆ ಇದು ಸರಿ ಕಾಣಲಿಲ್ಲ. "ಇಷ್ಟು ದುಡ್ಡು ಕೊಟ್ಟು ತಂದದ್ದು ಉಗುಳ್ಲಿಕ್ಕಾ?" ಅಂದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಆದರೆ ಆರು ಬಗೆಯನ್ನು ನುಂಗುತ್ತಾ ಹೋದರೆ ನಾಲ್ಕನೆಯದಕ್ಕೆ ಮಾರ್ಕು ಹಾಕುವುದು ನಾವಲ್ಲ, ಮೊದಲ ಮೂರು.

ಮಂಗಳೂರಿನಲ್ಲಿ ಈ ಕೆಲಸಕ್ಕೆ ಇನ್ನೊಂದು ತೊಂದರೆ ಉಂಟು. ಕೆಂಪು ವೈನ್ ಕೋಣೆಯ ಬಿಸಿಯಲ್ಲಿರಲಿ ಅಂತಾರಲ್ಲ, ಅದು ಯುರೋಪಿನ ಹಳೇ ಕೋಣೆ, 16ರಿಂದ 18 ಡಿಗ್ರಿ. ನಮ್ಮ ಹಾಲ್ ಫ್ಯಾನ್ ಹಾಕಿದರೂ 30ರ ಮೇಲೆ. ಆ ಬಿಸಿಯಲ್ಲಿ ಕೆಂಪು ವೈನ್ ಮೂಸಿದರೆ ಮೊದಲು ಮೂಗಿಗೆ ಹೊಡೆಯುವುದು ಸ್ಪಿರಿಟ್ಟಿನ ವಾಸನೆ, ಹಣ್ಣಿನ ಪರಿಮಳ ಎಲ್ಲೋ ಹಿಂದೆ. ಹಾಗಾಗಿ ಕೆಂಪನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟಿದ್ದ. ಬಿಳಿಯದಂತೂ ಗ್ಲಾಸಿಗೆ ಸುರಿದ ತಕ್ಷಣ ಹೊರಗೆಲ್ಲ ನೀರು ಬೆವರಿ ಬಣ್ಣವೇ ಕಾಣುತ್ತಿರಲಿಲ್ಲ. ಬೈರಾಸಿನಲ್ಲಿ ಒರೆಸುವುದು, ನೋಡುವುದು, ಪುನಃ ಒರೆಸುವುದು.

ಒಂದನೇ ನಂಬರಿಗೆ ಹಸಿರು ದೊಣ್ಣೆಮೆಣಸು ಕೊಯ್ದಾಗಿನ ವಾಸನೆ. ನಾಸಿಕದ ಸಾವಿನ್ಯೋನ್ ಬ್ಲಾಂಕ್, ಅದೇ ಹೆಸರಿನ ದ್ರಾಕ್ಷಿಯ ಬಿಳಿ ವೈನ್. ಈ ವಾಸನೆ ಭ್ರಮೆಯಲ್ಲ. ದೊಣ್ಣೆಮೆಣಸಿನಲ್ಲಿರುವ ಪೈರಜಿನ್ ಎಂಬ ವಸ್ತುವೇ ಆ ದ್ರಾಕ್ಷಿಯಲ್ಲೂ ಇರುತ್ತದೆ. ಎರಡನೆಯದು ನಾಸಿಕದ್ದೇ ಇನ್ನೊಂದು ಬಿಳಿ, ಶೆನಿನ್ ಬ್ಲಾಂಕ್, ಚೂರು ಸಿಹಿ. ನಾಲ್ವರೂ ಅದಕ್ಕೆ ಕಡಿಮೆ ಹಾಕಿದೆವು. ಸಿಹಿ ಇದ್ದರೆ ಅದು ಕಲಿಯುವವರ ವೈನ್ ಅಂತ ನಮಗೊಂದು ಜಂಬ. ಮೂರನೆಯದನ್ನು ಮೂಸಿದ ಬ್ಯಾಂಕಿನವನು ಗ್ಲಾಸ್ ಕೆಳಗಿಟ್ಟು, "ಇದನ್ನು ಸರಿ ತೊಳೆದಿಲ್ಲ ಮಾರಾಯ, ಚಿಮಿಣಿ ಎಣ್ಣೆ ವಾಸನೆ" ಅಂದ. ಗೆಳೆಯನಿಗೆ ಖುಷಿಯೋ ಖುಷಿ. ಅದು ಜರ್ಮನಿಯ ಮೋಸೆಲ್ ನದಿಯ ಕಡಿದಾದ ದಂಡೆಯಲ್ಲಿ ಬೆಳೆದ ರೀಸ್ಲಿಂಗ್ ದ್ರಾಕ್ಷಿಯ ಬಿಳಿ ವೈನ್. ವಯಸ್ಸಾದ ರೀಸ್ಲಿಂಗಿಗೆ ಸೀಮೆಎಣ್ಣೆಯ ಪರಿಮಳ ಬರುವುದು ಸಹಜ, ತಿಳಿದವರು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ನನಗೆ ಅದು ಎರಡನೇ ಸಲ ಮೂಸಿದಾಗ ಹಿಡಿಸಿತು. ಆ ವಾಸನೆಯ ಅಡಿಯಲ್ಲಿ ಲಿಂಬೆಯ ಹುಳಿ, ಒಂದಿಷ್ಟು ಸಿಹಿ, ನಶೆಯೂ ಕಮ್ಮಿ.

ನಾಲ್ಕನೆಯದು ಬಂತು. ಹಸಿ ಅಡಿಕೆ ಜಗಿದ ಹಾಗೆ ವಸಡೆಲ್ಲ ಒಣಗಿಸುವ ಚೊಗರು, ಆದರೆ ಒಳಗೆ ದಪ್ಪ ಹಣ್ಣು. "ಇದು ಫಾರಿನ್, ಗ್ಯಾರಂಟಿ" ಅಂದ ಬ್ಯಾಂಕಿನವನು. ಪೇಪರ್ ಬಿಚ್ಚಿದರೆ ಹಂಪಿ ಬೆಟ್ಟಗಳ ಕಡೆಯ ಕೆಂಪು, ಕ್ಯಾಬರ್ನೆ ಸಾವಿನ್ಯೋನ್! ಆ ಕಡೆಯ ಬಿಸಿಲಿಗೆ ಇಂಥದ್ದು ಬರುತ್ತದೆ ಅಂತ ಅವನು ನಂಬಲೇ ಇಲ್ಲ. ಅವನೊಬ್ಬನೇ ಅಲ್ಲ ಬಿಡಿ. 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ಲೇಬಲ್ ಮುಚ್ಚಿ ರುಚಿ ನೋಡಿದ ಫ್ರಾನ್ಸಿನ ಘಟಾನುಘಟಿಗಳು ಬಿಳಿಯದರಲ್ಲೂ ಕೆಂಪಿನಲ್ಲೂ ತಮ್ಮ ದೇಶದ್ದನ್ನು ಬಿಟ್ಟು ಕ್ಯಾಲಿಫೋರ್ನಿಯಾದ ಬಾಟಲಿಗೇ ಮೊದಲ ಸ್ಥಾನ ಕೊಟ್ಟಿದ್ದರು. ಒಬ್ಬರಂತೂ ತಮ್ಮ ಮಾರ್ಕಿನ ಹಾಳೆ ವಾಪಸ್ ಕೇಳಿದರಂತೆ.

ಐದನೆಯದು ಆಸ್ಟ್ರೇಲಿಯಾದ ಬರೋಸಾ ಕಣಿವೆಯ ಕೆಂಪು, ಶಿರಾಜ್. ಇದರ ಕಥೆ ಚಂದ. ಮೂಗು ಹತ್ತಿರ ತಂದರೆ ಸಾಕು, ಈಗಷ್ಟೇ ಕುಟ್ಟಿದ ಒಳ್ಳೆಮೆಣಸು. ನಾವು ಮೂವರೂ ಒಂದೇ ಉಸಿರಿಗೆ ಹೇಳಿದೆವು. ತೋಟದವನಿಗೆ ಮಾತ್ರ ಏನೂ ಗೊತ್ತಾಗಲಿಲ್ಲ. ಪ್ರತಿ ವರ್ಷ ಅಂಗಳದ ತುಂಬ ಮೆಣಸು ಒಣಗಿಸುವವನು ಅವನು. ಗ್ಲಾಸನ್ನು ತಿರುಗಿಸಿದ, ಕೈಯಲ್ಲಿ ಮುಚ್ಚಿ ತೆಗೆದು ಮೂಸಿದ, ಕಿಟಕಿ ಹತ್ತಿರ ಹೋಗಿ ಮೂಸಿದ. "ಎಂತ ಮೆಣಸು? ನೀವೆಲ್ಲ ಸೇರಿ ನನ್ನನ್ನು ಮಂಗ ಮಾಡುದಾ?" ಅಂತ ಸಿಟ್ಟು ಬಂತು. ಗೆಳೆಯ ಸಮಾಧಾನ ಹೇಳಿದ. ಮೆಣಸಿನಲ್ಲೂ ಶಿರಾಜಿನಲ್ಲೂ ಆ ಪರಿಮಳ ಕೊಡುವುದು ರೊಟಂಡೋನ್ ಎಂಬ ಒಂದೇ ವಸ್ತು. ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಇದನ್ನು ಪ್ರಕಟಿಸಿದಾಗ ಇನ್ನೊಂದೂ ಹೇಳಿದ್ದರು: ಅವರು ಪರೀಕ್ಷಿಸಿದವರಲ್ಲಿ ಸುಮಾರು ಐದರಲ್ಲಿ ಒಬ್ಬರ ಮೂಗಿಗೆ ಇದು ಸಿಗುವುದೇ ಇಲ್ಲ, ಎಷ್ಟೇ ಇದ್ದರೂ. ಮೆಣಸಿನ ಉಳಿದ ಪರಿಮಳಗಳೆಲ್ಲ ಸಿಗುತ್ತವೆ, ಇದೊಂದು ಇಲ್ಲ. ಒಂದೇ ಗ್ಲಾಸಿನಿಂದ ನಮಗೆ ಒಂದು ವೈನ್, ಅವನಿಗೆ ಇನ್ನೊಂದು. ಮತ್ತೆ ಮಾರ್ಕನ್ನು ಕೂಡಿಸಿ ಭಾಗಿಸುವುದು ಎಂತ ಲೆಕ್ಕ ಅಂತ ನನಗೆ ಆಗಲೇ ಅನಿಸಿತ್ತು.

ಆರನೆಯದು ನಂದಿ ಬೆಟ್ಟದ ಕಡೆಯ ಕೆಂಪು. ಮೆತ್ತಗೆ, ಚೆನ್ನಾಗಿಯೇ ಇತ್ತು. ಲೆಕ್ಕ ಹಾಕಿದಾಗ ಹಂಪಿ ಫಸ್ಟ್, ಬರೋಸಾ ಸೆಕೆಂಡ್. ಶೆನಿನ್ ಕೊನೆಯ ಬೆಂಚು.

ಅಷ್ಟರಲ್ಲಿ ಆಂಟಿ ಊಟಕ್ಕೆ ಕರೆದರು. ಕೋರಿ ರೊಟ್ಟಿ, ಅಂದರೆ ಕೋಳಿ ಸಾರಿನ ಜೊತೆ ಗರಿಗರಿ ಅಕ್ಕಿ ರೊಟ್ಟಿ, ಮತ್ತೆ ಹುಳಿ ಖಾರದ ಬಂಗುಡೆ ಪುಳಿಮುಂಚಿ. ಉಳಿದ ವೈನುಗಳೂ ಟೇಬಲ್ಲಿಗೆ ಬಂದವು, ಈ ಸಲ ಉಗುಳುವ ಪ್ರಶ್ನೆ ಇಲ್ಲ. ಮೊದಲ ತುತ್ತು ಕೋಳಿ ಸಾರಿನ ಮೇಲೆ ಹಂಪಿಯದನ್ನು ಕುಡಿದೆ. ಬಾಯಿಗೆ ಬೆಂಕಿ ಬಿತ್ತು. ಖಾರದ ಉರಿಯನ್ನು ಆಲ್ಕೋಹಾಲ್ ಜಾಸ್ತಿ ಮಾಡುತ್ತದೆ, ಚೊಗರು ಅದರ ಮೇಲೆ ಕಹಿಯಾಗಿ ಕೂರುತ್ತದೆ, ಹಣ್ಣಿನ ರುಚಿ ಮಾಯ. ಬಂಗುಡೆ ಜೊತೆ ಇನ್ನೂ ಕಷ್ಟ. ಹಳೇ ಮೀನಿನ ನಾತ, ಕಬ್ಬಿಣ ನೆಕ್ಕಿದ ರುಚಿ. ಮೀನು ಬೆಳಗ್ಗೆಯದ್ದು, ಅದರ ತಪ್ಪೇನೂ ಇಲ್ಲ. ವೈನಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದಷ್ಟೂ ಹೀಗಾಗುತ್ತದೆ ಅಂತ 2009ರಲ್ಲಿ ಜಪಾನಿನವರು ತೋರಿಸಿದ್ದಾರೆ.

ಕೊನೆಯ ಬೆಂಚಿನ ಶೆನಿನ್ ಈಗ ಎದ್ದು ನಿಂತಿತು. ತಣ್ಣಗೆ, ಚೂರು ಸಿಹಿ, ಹುಳಿ. ಗಸಿಯ ಖಾರವನ್ನು ತಗ್ಗಿಸಿ ಇನ್ನೊಂದು ತುತ್ತಿಗೆ ಬಾಯಿ ತೆರೆಯುವ ಹಾಗೆ ಮಾಡಿತು. ಚಿಮಿಣಿ ಎಣ್ಣೆ ಅಂತ ದೂರಿದವನೇ ರೀಸ್ಲಿಂಗ್ ಬಾಟಲಿಯನ್ನು ತನ್ನ ಹತ್ತಿರ ಎಳೆದುಕೊಂಡ. ಪುಳಿಮುಂಚಿ ಬಟ್ಟಲು ಖಾಲಿಯಾಗುವ ಮೊದಲೇ ಎರಡೂ ಮುಗಿದವು.

ಶೀಟಿನಲ್ಲಿ ಇನ್ನೊಂದು ಕಾಲಂ ಎಳೆದು 'ಊಟದ ಜೊತೆ' ಅಂತ ಬರೆಯುವ ಅಂದೆ ನಾನು. ಗೆಳೆಯ ಒಪ್ಪಲಿಲ್ಲ. ತೀರ್ಪು ಕೊಡುವವರು ಬೆಳಗ್ಗೆ, ಬಾಯಿ ಶುದ್ಧ ಇರುವಾಗ ರುಚಿ ನೋಡುತ್ತಾರೆ, ವೈನಿನ ಗುಣ ಬೇರೆ, ಜೋಡಿ ಬೇರೆ ಅಂತ ಅವನ ವಾದ. ಅವನ ಕೆಲಸಕ್ಕೆ ಅದು ಸರಿ ಇರಬಹುದು. ನಾವು ಮಂಗಳೂರಿನವರು ವೈನನ್ನು ಬಿಳಿ ಕಾಗದದ ಮುಂದೆ ಕೂತು ಕುಡಿಯುವುದಿಲ್ಲ, ಅಲ್ವಾ? ನನ್ನ ಶೀಟಿನಲ್ಲಿ ನಾನು ಆ ಕಾಲಂ ಎಳೆದೇ ಎಳೆದೆ. ಶೆನಿನ್ನಿಗೆ 17.

ಹಂಪಿಯ ಬಾಟಲಿ ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಬಿರಡೆ ಒತ್ತಿ ಫ್ರಿಜ್ಜಿಗೆ ಇಡುತ್ತಾ ಗೆಳೆಯ, "ಮಮ್ಮಿ, ನಾಳೆ ಮಟನ್ ಮಾಡಿ, ಮೆಣಸು ಕಮ್ಮಿ ಹಾಕಿ, ಆಗ ಇದು ಹೇಗೆ ಹೋಗ್ತದೆ ನೋಡಿ" ಅಂದ.

"ಮೆಣಸು ಕಮ್ಮಿ ಹಾಕ್ಲಿಕ್ಕೆ ನಾನೆಂತ ಆಸ್ಪತ್ರೆಗೆ ಊಟ ಕಳಿಸುದಾ?" ಅಂದರು ಆಂಟಿ.