ಶಿರಸಿ ಪೇಟೆಯಲ್ಲಿ ಒಳ್ಳೆ ಚಾ, ಕಷಾಯ, ಊಟ ಹುಡುಕುವವರಿಗೆ

ಶಿರಸಿಗೆ ಹೊರಡುವವರ ಹತ್ತಿರ ನೋಡುವ ಜಾಗಗಳ ಪಟ್ಟಿ ತಯಾರಿರುತ್ತದೆ. ಸಹಸ್ರಲಿಂಗ, ಯಾಣ, ಬನವಾಸಿ, ಸೋಂದಾ, ಉಂಚಳ್ಳಿ ಜಲಪಾತ. ಊಟ-ತಿಂಡಿಯನ್ನು ಮಾತ್ರ ಹೋದಮೇಲೆ ನೋಡಿಕೊಂಡರಾಯ್ತು ಅಂತ ಬಿಡುತ್ತಾರೆ. ಕೊನೆಗೆ ಲಾಡ್ಜಿನ ಕೆಳಗಿರುವ ದೊಡ್ಡ ಹೋಟೆಲಿನಲ್ಲಿ ಗೋಬಿ ಮಂಚೂರಿ ತಿಂದು ವಾಪಸ್ ಬರುತ್ತಾರೆ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಈ ಪೇಟೆಯ ರುಚಿ ಇರುವುದು ಐದಾರು ಟೇಬಲ್ಲಿನ ಸಣ್ಣ ಹೋಟೆಲುಗಳಲ್ಲಿ, ಗಂಡ-ಹೆಂಡತಿ ಸೇರಿ ನಡೆಸುವ ಖಾನಾವಳಿಗಳಲ್ಲಿ. ಅವನ್ನು ಹುಡುಕುವುದು ಕಷ್ಟವೇನಲ್ಲ. ಯಾವ ಹೊತ್ತಿಗೆ ಹೋಗಬೇಕು ಅನ್ನುವುದು ಗೊತ್ತಿರಬೇಕು, ಅಷ್ಟೇ.

ಶಿರಸಿ ಅಡಿಕೆಯ ಪೇಟೆ. ಇಲ್ಲಿನ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದೆ. ಟಿಎಸ್ಎಸ್‌ನಂಥ ಅಡಿಕೆ ಬೆಳೆಗಾರರ ಸಹಕಾರಿ ಮಾರಾಟ ಸಂಘ 1923ರಿಂದ ಇಲ್ಲಿದೆ. ಸುತ್ತಲಿನ ಹಳ್ಳಿಗಳ ತೋಟದವರು ಬೆಳಗಿನ ಬಸ್ಸಿಗೆ ಬಂದು, ಅಡಿಕೆ ವ್ಯಾಪಾರ, ಬ್ಯಾಂಕು, ಔಷಧಿ ಅಂಗಡಿ ಎಲ್ಲ ಮುಗಿಸಿ ಸಂಜೆ ಊರಿಗೆ ಮರಳುತ್ತಾರೆ. ಸಣ್ಣ ಹೋಟೆಲುಗಳು ನಡೆಯುವುದು ಅವರನ್ನು ನಂಬಿಕೊಂಡು, ನಮ್ಮಂಥ ಪ್ರವಾಸಿಗಳನ್ನಲ್ಲ. ಆದ್ದರಿಂದ ಬೆಳಿಗ್ಗೆ ಹತ್ತೂವರೆಗೆ ಎದ್ದು ಬನ್ಸ್ ಕೇಳಿದರೆ ಖಾಲಿ ಆಗಿರುತ್ತದೆ. ಎರಡೂವರೆಗೆ ಊಟಕ್ಕೆ ಹೋದರೆ ಅನ್ನ-ಸಾಂಬಾರ್ ಮಾತ್ರ ಉಳಿದಿರುತ್ತದೆ.

ಸುತ್ತಬೇಕಾದ ಜಾಗ ದೊಡ್ಡದಲ್ಲ. ಮಾರಿಕಾಂಬಾ ಗುಡಿ, ಬಿಡ್ಕಿಬೈಲು, ದೇವಿಕೆರೆ, ಸಿ.ಪಿ. ಬಜಾರ್, ಐದು ರಸ್ತೆ, ಇವಿಷ್ಟರ ನಡುವೆ ನಡೆದೇ ಓಡಾಡಬಹುದು. ಕಾರನ್ನು ಲಾಡ್ಜಿನಲ್ಲೇ ಬಿಟ್ಟು ಬನ್ನಿ. ಒಳಗಿನ ರಸ್ತೆಗಳು ಸಪೂರ, ನಿಲ್ಲಿಸಲು ಜಾಗ ಸಿಗುವುದಿಲ್ಲ. ಮಂಗಳವಾರ ಸಂತೆ. ಅವತ್ತು ಜನ ಜಾಸ್ತಿ, ಆದರೆ ತಾಜಾ ತಿಂಡಿಯೂ ಜಾಸ್ತಿ. ನಾನಾದರೆ ಸಂತೆಯ ದಿನವನ್ನೇ ಆರಿಸಿಕೊಳ್ಳುತ್ತೇನೆ.

ಇನ್ನು ಯಾರನ್ನು ಕೇಳುವುದು? ಫೋನಿನ ಮ್ಯಾಪ್ ನಂಬಿ ಹೋದರೆ ದೊಡ್ಡ ಹೋಟೆಲುಗಳೇ ಕಾಣುತ್ತವೆ. ಸಣ್ಣವು ಎಷ್ಟೋ ಅದರಲ್ಲಿ ಇಲ್ಲ, ಇದ್ದರೂ ತೆರೆಯುವ ಹೊತ್ತು ತಪ್ಪಾಗಿರುತ್ತದೆ. ಅಂಗಡಿಯವರನ್ನೇ ಕೇಳಿ. ಕೇಳುವ ರೀತಿ ಮುಖ್ಯ. “ಇಲ್ಲಿ ಒಳ್ಳೆ ಹೋಟೆಲ್ ಎಲ್ಲಿದೆ?” ಅಂದರೆ ನೀವು ಹೊರಗಿನವರು ಅಂತ ತಿಳಿದು, ಎಸಿ ಇರುವ ದೊಡ್ಡ ಜಾಗವನ್ನೇ ತೋರಿಸುತ್ತಾರೆ. ಅದು ಅವರ ಮರ್ಯಾದೆ. “ನೀವು ದಿನಾ ಚಾ ಕುಡಿಯೋದು ಎಲ್ಲಿ?” ಅಂತ ಕೇಳಿ ನೋಡಿ. ಸಿ.ಪಿ. ಬಜಾರಿನ ಒಬ್ಬ ಬಟ್ಟೆ ಅಂಗಡಿಯವರಿಗೆ ನಾನು ಹೀಗೆ ಕೇಳಿದಾಗ ಅವರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ಬಂದು, ಎರಡು ಅಂಗಡಿ ಆಚೆಗಿನ ಓಣಿಯವರೆಗೂ ಕರೆದುಕೊಂಡು ಹೋದರು. “ಭಟ್ರೇ, ಇವ್ರಿಗೆ ಕಷಾಯ ಕೊಡಿ, ಬೆಂಗಳೂರಿಂದ ಬಂದವ್ರು” ಅಂತ ಹೇಳಿಯೂ ಹೋದರು.

ಕಷಾಯದ ಬಗ್ಗೆ ಸ್ವಲ್ಪ ಹೇಳಲೇಬೇಕು. ಜ್ವರ ಬಂದಾಗ ಕುಡಿಯುವ ಕಹಿ ಮದ್ದು ಅಂತ ತಿಳಿಯಬೇಡಿ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಸ್ವಲ್ಪ ಮೆಂತೆ ಹುರಿದು ಪುಡಿ ಮಾಡಿ, ಬೆಲ್ಲ ಹಾಕಿದ ನೀರಲ್ಲಿ ಕುದಿಸಿ, ಆಮೇಲೆ ಹಾಲು ಸೇರಿಸಿ ಕೊಡುತ್ತಾರೆ. ಇಲ್ಲಿನ ಹವ್ಯಕರ ಮನೆಗಳಲ್ಲಿ ಬಂದವರಿಗೆ ಚಾ ಬೇಕಾ ಕಷಾಯ ಬೇಕಾ ಅಂತ ಕೇಳುವುದು ರೂಢಿ. ಅಡಿಕೆ ಮರಕ್ಕೇ ಮೆಣಸಿನ ಬಳ್ಳಿ ಹಬ್ಬಿಸುವ ಊರು ಇದು, ಹಾಗಾಗಿ ಕಾಳುಮೆಣಸಿಗೆ ಬರವಿಲ್ಲ. ಒಳ್ಳೆ ಕಷಾಯದ ಗುರುತು ಸುಲಭ. ಮೊದಲು ಕೊತ್ತಂಬರಿ ಹುರಿದ ಘಮ ಬರಬೇಕು. ಮೆಣಸಿನ ಖಾರ ನುಂಗಿದ ಮೇಲೆ ಗಂಟಲಲ್ಲಿ ನಿಧಾನ ಗೊತ್ತಾಗಬೇಕು. ಬರೀ ಸಿಹಿ ಹಾಲಿನ ಹಾಗೆ ಇದ್ದರೆ ಪುಡಿ ಹಳೆಯದು ಅಂತ ಅರ್ಥ. ಇನ್ನೊಂದು ಮಾತು: ಬಹಳ ಕಡೆ ಗೋಡೆಯ ಮೇಲಿನ ದರಪಟ್ಟಿಯಲ್ಲಿ ಕಷಾಯ ಇರುವುದಿಲ್ಲ. ಕೇಳಿದರೆ ಮಾಡಿಕೊಡುತ್ತಾರೆ. ಬಾಯಿಬಿಟ್ಟು ಕೇಳಿ.

ಫಿಲ್ಟರ್ ಕಾಫಿಯೇ ಬೇಕು ಅನ್ನುವವರು ಬೆಳಿಗ್ಗೆ ಎಂಟರೊಳಗೆ ಹೋಗುವುದು ಒಳ್ಳೆಯದು. ಸಣ್ಣ ಹೋಟೆಲಿನಲ್ಲಿ ಡಿಕಾಕ್ಷನ್ ಬೆಳಿಗ್ಗೆಯೇ ಇಳಿಸಿಟ್ಟಿರುತ್ತಾರೆ. ಹನ್ನೊಂದರ ಕಾಫಿಗೂ ಅದೇ. ಆ ಹೊತ್ತಿಗೆ ಚಾ ಕುಡಿಯುವುದೇ ವಾಸಿ. ಕಾಫಿಯ ಜೊತೆ ಬನ್ಸ್ ತಗೊಳ್ಳಿ. ಕಳಿತ ಬಾಳೆಹಣ್ಣು ಕಲಸಿದ ಹಿಟ್ಟನ್ನು ಹಿಂದಿನ ರಾತ್ರಿಯೇ ನಾದಿಟ್ಟು ಬೆಳಿಗ್ಗೆ ಕರಿಯುವುದರಿಂದ, ಹಿಟ್ಟು ಮುಗಿದರೆ ಮತ್ತೆ ಮಾಡಲು ಬರುವುದಿಲ್ಲ. ಬೇಗ ಹೋಗಿ ಅನ್ನುವುದು ಅದಕ್ಕೇ. ಶಿರಾ, ಉಪ್ಪಿಟ್ಟು, ಅವಲಕ್ಕಿ ಸ್ವಲ್ಪ ತಡವಾದರೂ ಸಿಗುತ್ತವೆ.

ಮಧ್ಯಾಹ್ನದ ಊಟಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಖಾನಾವಳಿಯ ಬಾಗಿಲಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿ: “ಇವತ್ತು ತಂಬುಳಿ ಯಾವುದು?” ತಕ್ಷಣ ಒಂದೆಲಗ, ದಾಳಿಂಬೆ ಚಿಗುರು, ದೊಡ್ಡಪತ್ರೆ ಅಂತ ಉತ್ತರ ಬಂದರೆ ಒಳಗೆ ಹೋಗಿ ಕುಳಿತುಬಿಡಿ. ತಂಬುಳಿಯನ್ನು ಕುದಿಸುವುದಿಲ್ಲ. ಸೊಪ್ಪನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಮೆಣಸು, ಕಾಯಿತುರಿ ಸೇರಿಸಿ ರುಬ್ಬಿ ಮಜ್ಜಿಗೆಗೆ ಬೆರೆಸುತ್ತಾರೆ. ನಾಳೆಗೆ ಇಡಲು ಆಗುವುದಿಲ್ಲ. ದಿನಾ ತಂಬುಳಿ ಮಾಡುವವರು ಅಂದರೆ ದಿನಾ ಹೊಸದಾಗಿ ರುಬ್ಬುವವರು, ಸೊಪ್ಪು ಗೊತ್ತಿರುವವರು. ಉಳಿದ ಅಡುಗೆಯ ಬಗ್ಗೆ ಬೇರೆ ಪರೀಕ್ಷೆ ಬೇಕಿಲ್ಲ.

ಮಾವಿನಕಾಯಿ ಕಾಲದಲ್ಲಿ ಹೋದರೆ ಅಪ್ಪೆಹುಳಿ ಕೇಳಲು ಮರೆಯಬೇಡಿ. ಬೇಯಿಸಿದ ಮಾವಿನಕಾಯಿಯನ್ನು ಹಿಂಡಿ, ತೆಳ್ಳಗೆ ನೀರು ಮಾಡಿ, ಸಾಸಿವೆ, ಇಂಗು, ಒಣಮೆಣಸಿನ ಒಗ್ಗರಣೆ ಕೊಟ್ಟಿರುತ್ತಾರೆ. ಸ್ವಲ್ಪ ಅನ್ನಕ್ಕೆ ಹಾಕಿಕೊಳ್ಳಿ, ಉಳಿದದ್ದನ್ನು ಲೋಟಕ್ಕೆ ಹಾಕಿಸಿಕೊಂಡು ಕುಡಿಯಿರಿ. ಕುಡಿದರೆ ಕಣ್ಣು ಎಳೆಯುತ್ತದೆ ಅಂತ ಊರವರು ಹೇಳುತ್ತಾರೆ, ನನ್ನ ಅನುಭವವೂ ಅದೇ. ಘಟ್ಟ ಇಳಿದು ಗಾಡಿ ಓಡಿಸಬೇಕಾದವರು ಒಂದು ಗಂಟೆ ವಿಶ್ರಾಂತಿ ಇಟ್ಟುಕೊಳ್ಳಿ. ಮಳೆಗಾಲದಲ್ಲಾದರೆ ಕೆಸುವಿನ ಎಲೆಯ ಪತ್ರೊಡೆ, ಕಳಲೆಯ (ಎಳೆ ಬಿದಿರಿನ) ಪಲ್ಯ ಕೇಳಬಹುದು. ಮಧ್ಯಾಹ್ನ ಒಂದು ಗಂಟೆಯ ಮೇಲೆ ಖಾನಾವಳಿಗಳು ತುಂಬಿಬಿಡುತ್ತವೆ. ಹನ್ನೆರಡೂವರೆಗೇ ಹೋಗಿ.

ಎಸ್‌ಪ್ರೆಸೊ ಯಂತ್ರ ಇಟ್ಟ ಹೊಸ ಕೆಫೆಗಳೂ ಈಗ ಬಂದಿವೆ. ಕಾಲೇಜು ಹುಡುಗರು ಸಂಜೆ ಅಲ್ಲಿ ಸೇರುತ್ತಾರೆ. ಲ್ಯಾಪ್‌ಟಾಪ್ ಬಿಚ್ಚಿ ಎರಡು ಗಂಟೆ ಕೂರಬೇಕಾದರೆ ಅಲ್ಲಿಗೇ ಹೋಗಿ. ಖಾನಾವಳಿಯಲ್ಲಿ ಊಟ ಮುಗಿಸಿ ಹಾಗೆ ಕೂರುವುದು ಸರಿಯಲ್ಲ, ಹೊರಗೆ ಜನ ಕಾಯುತ್ತಿರುತ್ತಾರೆ ಅಲ್ವಾ. ಕೆಫೆಯಲ್ಲಿ ಪಾಸ್ತಾ, ಬರ್ಗರ್ ಬಿಟ್ಟು ಕೋಕಂ ಪಾನಕವೋ, ಬೆಲ್ಲದ ಕಾಫಿಯೋ ಇದೆಯಾ ಅಂತ ಕೇಳಿ. ನಮ್ಮಂಥವರು ಕೇಳುತ್ತಾ ಹೋದರೆ ಅವರಿಗೂ ಮಾಡುವ ಧೈರ್ಯ ಬರುತ್ತದೆ.

ನಾನು ಹೋಟೆಲುಗಳ ಹೆಸರು ಬರೆಯದಿರುವುದು ಬೇಕೆಂದೇ. ಐದು ಟೇಬಲ್ಲಿನ ಜಾಗಕ್ಕೆ ವಾರಾಂತ್ಯದಲ್ಲಿ ಮೂರು ಟೆಂಪೊ ಟ್ರಾವೆಲರ್ ಬಂದರೆ ದಿನಾ ಊಟ ಮಾಡುವ ಗುಮಾಸ್ತರಿಗೆ, ಮೇಷ್ಟ್ರಿಗೆ ಜಾಗ ಸಿಗುವುದಿಲ್ಲ. ಎಂಟು-ಹತ್ತು ಜನ ಇದ್ದರೆ ಬೆಳಿಗ್ಗೆಯೇ ಹೋಗಿ “ಮಧ್ಯಾಹ್ನ ಇಷ್ಟು ಜನ ಬರುತ್ತೇವೆ” ಅಂತ ಹೇಳಿ ಬನ್ನಿ. ಅಷ್ಟು ಅಕ್ಕಿ ಹೆಚ್ಚು ಹಾಕಿರುತ್ತಾರೆ.

ಶಿರಸಿಗೆ ರೈಲಿಲ್ಲ. ಬೆಂಗಳೂರಿನಿಂದ ರಾತ್ರಿ ಬಸ್ಸು ಅನುಕೂಲ, ಸುಮಾರು 400 ಕಿ.ಮೀ. ಬೆಳಿಗ್ಗೆ ಇಳಿಯುವ ಹೊತ್ತಿಗೆ ಬನ್ಸ್ ಬಿಸಿ ಇರುತ್ತದೆ. ರೈಲೇ ಬೇಕಾದರೆ ತಾಳಗುಪ್ಪ, ಕುಮಟಾ ಅಥವಾ ಹಾವೇರಿಯಲ್ಲಿ ಇಳಿದು ಬಸ್ಸು ಹಿಡಿಯಿರಿ. ಹುಬ್ಬಳ್ಳಿಯಿಂದ ನೂರು ಕಿ.ಮೀ. ಆಸುಪಾಸು. ಕುಮಟಾ ಕಡೆಯಿಂದ ಬರುವವರು ಮಳೆಗಾಲದಲ್ಲಿ ದೇವಿಮನೆ ಘಟ್ಟದ ರಸ್ತೆ ತೆರೆದಿದೆಯಾ ಅಂತ ವಿಚಾರಿಸಿಯೇ ಹೊರಡಿ, ಅಲ್ಲಿ ಮಣ್ಣು ಕುಸಿಯುತ್ತದೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ, 2022 ಮತ್ತು 2024ರಲ್ಲಿ ಮಾರ್ಚಿನಲ್ಲಿ ಆಗಿತ್ತು. ಜಾತ್ರೆ ನೋಡಲು ಖಂಡಿತ ಹೋಗಿ. ಆದರೆ ನಿಧಾನವಾಗಿ ಕುಳಿತು ಕಷಾಯ ಕುಡಿಯಬೇಕು ಅಂದರೆ ಆ ದಿನಗಳು ಬೇಡ.

ಮನೆಗೆ ಒಯ್ಯಲು ಕಷಾಯದ ಪುಡಿ, ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ, ಜೋನಿ ಬೆಲ್ಲ (ನೀರು ಬೆಲ್ಲ), ತೊಡದೇವು (ಗರಿಗರಿ ಸಿಹಿ ತಿಂಡಿ) ಎಲ್ಲ ಪೇಟೆಯಲ್ಲೇ ಸಿಗುತ್ತವೆ. ತೊಡದೇವು ಕಾಗದದಷ್ಟು ತೆಳು, ಬ್ಯಾಗಿನ ಮೇಲ್ಗಡೆ ಇಡಿ. ಜೋನಿ ಬೆಲ್ಲದ ಡಬ್ಬಿಯ ಮುಚ್ಚಳಕ್ಕೆ ಪ್ಲಾಸ್ಟಿಕ್ ಕಟ್ಟಿಸಿಕೊಳ್ಳಿ, ಬಸ್ಸಿನಲ್ಲಿ ಸೋರುತ್ತದೆ.