ಲಾಗಿನ್ ಸ್ಲೋ ಎಂಬ ಟಿಕೆಟ್: ಫಾರ್ಮ್ಯಾಟ್ ಮಾಡುವ ಮುನ್ನ

"ಸಿಸ್ಟಂ ಆನ್ ಆಗೋಕೆ ಹತ್ತು ನಿಮಿಷ" ಎಂಬ ಟಿಕೆಟ್ ಬಂದರೆ ಸಪೋರ್ಟ್‌ನವರ ಕೈ ತಾನಾಗಿ ಹೋಗುವುದು ಟೆಂಪ್ ಫೈಲ್ ಅಳಿಸುವುದಕ್ಕೆ, ಆಮೇಲೆ ಆಂಟಿವೈರಸ್ ಸ್ಕ್ಯಾನ್‌ಗೆ, ಕೊನೆಗೆ ಫಾರ್ಮ್ಯಾಟ್‌ಗೆ. ಡೊಮೈನ್‌ಗೆ, ಅಂದರೆ ಆಫೀಸಿನ ಸರ್ವರ್ ನಿಯಂತ್ರಿಸುವ ಗುಂಪಿಗೆ, ಸೇರಿದ ಆಫೀಸ್ ಪಿಸಿಗಳಲ್ಲಿ ಇದರಿಂದ ಗುಣ ಕಾಣುವುದು ಅಪರೂಪ. ಫಾರ್ಮ್ಯಾಟ್ ಆದ ಮೇಲೂ ಅದೇ ಡಿಎನ್‌ಎಸ್ (ಹೆಸರು ಕೊಟ್ಟರೆ ವಿಳಾಸ ಹೇಳುವ ಸರ್ವರ್), ಅದೇ ಗ್ರೂಪ್ ಪಾಲಿಸಿ (ಸರ್ವರ್‌ನಿಂದ ಪಿಸಿಗಳಿಗೆ ಇಳಿಯುವ ಸೆಟ್ಟಿಂಗ್‌ಗಳು), ಅದೇ ನೆಟ್‌ವರ್ಕ್ ಕೇಬಲ್ ಕಾದಿರುತ್ತವೆ.

ಮೊದಲು ಬೇಕಾದದ್ದು ಮೊಬೈಲಿನ ಸ್ಟಾಪ್‌ವಾಚ್. ಪವರ್ ಬಟನ್ ಒತ್ತಿದಾಗಿನಿಂದ ವಿಂಡೋಸ್ ಚುಕ್ಕೆಗಳು ತಿರುಗುವವರೆಗೆ, ಅಲ್ಲಿಂದ ಪಾಸ್‌ವರ್ಡ್ ಪರದೆಯವರೆಗೆ, ಪಾಸ್‌ವರ್ಡ್ ಕೊಟ್ಟ ಮೇಲೆ ಡೆಸ್ಕ್‌ಟಾಪ್ ಬರುವವರೆಗೆ, ಡೆಸ್ಕ್‌ಟಾಪ್ ಬಂದು ಎಕ್ಸೆಲ್ ತೆರೆಯುವಂತಾಗುವವರೆಗೆ: ಈ ನಾಲ್ಕನ್ನೂ ಬೇರೆ ಬೇರೆ ಅಳೆಯಿರಿ. ಒಂದೊಂದು ಹಂತದ ಅಪರಾಧಿ ಬೇರೆ. ಅಳೆಯುವಾಗ ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಕೊಡಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ಕರ್ನಲ್ (ವಿಂಡೋಸ್‌ನ ತಿರುಳು) ಹೈಬರ್ನೇಟ್ ಆಗುತ್ತದೆ, ಪೂರ್ತಿ ಮುಚ್ಚುವುದಿಲ್ಲ. ದಿನಾ ಸಂಜೆ ಶಟ್‌ಡೌನ್ ಮಾಡುತ್ತೇನೆ ಎನ್ನುವವರ ಟಾಸ್ಕ್ ಮ್ಯಾನೇಜರ್‌ನಲ್ಲಿ ಅಪ್‌ಟೈಮ್ ಇಪ್ಪತ್ತು ದಿನ ಎಂದಿರುವುದು ಇದರಿಂದಲೇ. ಪಾಪ, ಅವರೇನೂ ಸುಳ್ಳು ಹೇಳುತ್ತಿರುವುದಿಲ್ಲ.

ಮೊದಲ ಹಂತ ಬೇಗ ಮುಗಿಯುತ್ತದೆ. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಟ್ಯಾಬ್‌ನಲ್ಲಿ 'ಲಾಸ್ಟ್ ಬಯೋಸ್ ಟೈಮ್', ಅಂದರೆ ವಿಂಡೋಸ್ ಶುರುವಾಗುವ ಮುಂಚೆ ಹಿಡಿದ ಸಮಯ, ನೋಡಿ. ಮೂವತ್ತು ಸೆಕೆಂಡಿಗೂ ಹೆಚ್ಚಿದ್ದರೆ ಬೂಟ್ ಆರ್ಡರ್‌ನಲ್ಲಿ (ಪಿಸಿ ವಿಂಡೋಸ್ ಹುಡುಕುವ ಸರದಿ) ನೆಟ್‌ವರ್ಕ್ ಬೂಟ್ ಮೊದಲು ಕೂತಿದೆಯೇ, ಹಿಂದುಗಡೆ ಯಾರೋ ಮರೆತ ಪೆನ್‌ಡ್ರೈವ್ ಇದೆಯೇ ಎಂದು ಪರೀಕ್ಷಿಸಿ.

ಚುಕ್ಕೆಗಳು ತಿರುಗುತ್ತಲೇ ಇದ್ದರೆ ಅನುಮಾನ ಡಿಸ್ಕ್ ಮೇಲೆ. ಬೂಟ್ ಆಗುವಾಗ ಚೆಲ್ಲಾಪಿಲ್ಲಿಯಾಗಿರುವ ಸಾವಿರಾರು ಚಿಕ್ಕ ಚಿಕ್ಕ ಫೈಲುಗಳನ್ನು ಓದಬೇಕು. ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಅಂಥ ನೂರರಷ್ಟು ಓದನ್ನು ಮಾತ್ರ ಮುಗಿಸಬಲ್ಲದು; ಸಾಧಾರಣ ಸಾಟಾ ಎಸ್‌ಎಸ್‌ಡಿ ಹತ್ತಾರು ಸಾವಿರ. ಇಲ್ಲಿ ರ‍್ಯಾಮ್ ಹೆಚ್ಚಿಸಿ ಪ್ರಯೋಜನವಿಲ್ಲ. ಇವೆಂಟ್ ವ್ಯೂವರ್‌ನ ಸಿಸ್ಟಂ ಲಾಗ್‌ನಲ್ಲಿ ಇವೆಂಟ್ 7 ಇದ್ದರೆ ಬ್ಯಾಡ್ ಬ್ಲಾಕ್, ಅಂದರೆ ಡಿಸ್ಕ್‌ನಲ್ಲಿ ಕೆಟ್ಟ ಜಾಗ. 153 ಇದ್ದರೆ ಓದು-ಬರಹ ಮತ್ತೆ ಮತ್ತೆ ಪ್ರಯತ್ನಿಸಬೇಕಾಯಿತು. 129 ಇದ್ದರೆ ಡಿಸ್ಕ್ ಉತ್ತರ ಕೊಡದೆ ರೀಸೆಟ್ ಆಯಿತು ಎಂದರ್ಥ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ದಾಖಲಿಸುವ ಸ್ಮಾರ್ಟ್ ಮಾಹಿತಿಯಲ್ಲಿ ಸಿ5, ಅಂದರೆ ಓದಲಾಗದೆ ಬಾಕಿ ಉಳಿದ ಪೆಂಡಿಂಗ್ ಸೆಕ್ಟರ್ ಸಂಖ್ಯೆ ಏರುತ್ತಿದ್ದರೆ ಉಳಿದ ತಪಾಸಣೆ ಬಿಟ್ಟು ಮೊದಲು ಡೇಟಾ ಕಾಪಿ ಮಾಡಿ. ಏರುತ್ತಿರುವುದು ಸಿ7 (ಡೇಟಾ ಸಾಗುವಾಗ ಆದ ತಪ್ಪುಗಳ ಲೆಕ್ಕ) ಒಂದೇ ಆದರೆ ಡಿಸ್ಕ್ ಎಸೆಯಬೇಡಿ, ಸಾಟಾ ಕೇಬಲ್ ಬದಲಿಸಿ ನೋಡಿ.

ಪಾಸ್‌ವರ್ಡ್ ಕೊಟ್ಟ ಮೇಲೆ 'ವೆಲ್‌ಕಮ್' ಎಂದು ನಿಂತುಬಿಡುವುದೇ ನಿಜವಾದ ತಲೆನೋವು, ಟಿಕೆಟ್‌ಗಳಲ್ಲಿ ಹೆಚ್ಚಿನವೂ ಇವೇ. ಇದಕ್ಕೊಂದು ಪುಕ್ಕಟೆ ಪರೀಕ್ಷೆ ಇದೆ. ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆಫ್ ಮಾಡಿ, ಆ ಪಿಸಿಯಲ್ಲಿ ಮೊದಲೇ ಲಾಗಿನ್ ಆಗಿದ್ದ ಬಳಕೆದಾರರೇ ಮತ್ತೆ ಲಾಗಿನ್ ಆಗಲಿ. ವಿಂಡೋಸ್ ಸಾಮಾನ್ಯವಾಗಿ ಹಿಂದಿನ 10 ಲಾಗಿನ್‌ಗಳ ಗುರುತನ್ನು ಇಟ್ಟುಕೊಂಡಿರುತ್ತದೆ, ಒಳಗೆ ಬಿಡುತ್ತದೆ. ಕೇಬಲ್ ಇಲ್ಲದಾಗ ಸರಸರ ಬಂದು, ಇದ್ದಾಗ ನಿಂತರೆ ಪಿಸಿಯನ್ನು ಬಿಚ್ಚುವ ಅಗತ್ಯವೇ ಇಲ್ಲ.

ಆಗ ಮೊದಲು ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಐಪಿಕಾನ್ಫಿಗ್ ಆಲ್' (ipconfig /all) ಓಡಿಸಿ ಡಿಎನ್‌ಎಸ್ ಸಾಲು ಓದಿ. ಮೊದಲನೆಯದು ಆಫೀಸಿನ ಸರ್ವರ್, ಎರಡನೆಯದು 8.8.8.8 (ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್) ಎಂದಿದ್ದರೆ ಕಳ್ಳ ಸಿಕ್ಕ ಹಾಗೆ. "ಒಂದು ಹೋದರೆ ಇನ್ನೊಂದಿರಲಿ" ಎಂದು ಯಾರೋ ಹಾಕಿರುತ್ತಾರೆ. ಮೊದಲನೆಯದು ಕ್ಷಣ ತಡಮಾಡಿದರೆ ಪಿಸಿ ಎರಡನೆಯದನ್ನು ಕೇಳುತ್ತದೆ. ನಿಮ್ಮ ಒಳಗಿನ ಡೊಮೈನ್ ಹೊರಗಿನ ಡಿಎನ್‌ಎಸ್‌ಗೆ ಗೊತ್ತಿಲ್ಲ, ಅಂಥ ಹೆಸರೇ ಇಲ್ಲ ಎನ್ನುತ್ತದೆ. ಅದೂ ಒಂದು ಉತ್ತರವೇ ಆದ್ದರಿಂದ ಪಿಸಿ ಅದನ್ನು ನಂಬಿ, ಡೊಮೈನ್ ಕಂಟ್ರೋಲರ್ (ಲಾಗಿನ್ ಪರಿಶೀಲಿಸುವ ಸರ್ವರ್) ಸಿಗದೆ ಕಾಯುತ್ತ ಕೂರುತ್ತದೆ. ಸೋಮವಾರ ಸ್ಲೋ, ಮಂಗಳವಾರ ಸರಿ ಎನ್ನುವ ದೂರುಗಳ ಗುಟ್ಟು ಹೆಚ್ಚಾಗಿ ಇದು. ಪಿಸಿಯಲ್ಲಿ ಒಳಗಿನ ಡಿಎನ್‌ಎಸ್ ಮಾತ್ರ ಇರಲಿ. ಹೊರಗಿನದಕ್ಕೆ ಫಾರ್ವರ್ಡ್ ಮಾಡುವುದು ಸರ್ವರ್‌ನ ಕೆಲಸ.

ಬ್ರಾಂಚ್ ಆಫೀಸಾದರೆ ಇನ್ನೊಂದು ಪ್ರಶ್ನೆ: ಯಾವ ಕಂಟ್ರೋಲರ್ ಉತ್ತರಿಸಿತು? ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಲಾಗಾನ್‌ಸರ್ವರ್' ವೇರಿಯಬಲ್ (echo %logonserver%) ನೋಡಿ. ಹುಬ್ಬಳ್ಳಿಯಲ್ಲೇ ಕಂಟ್ರೋಲರ್ ಇದ್ದರೂ ಪಿಸಿ ಬೆಂಗಳೂರಿನದ್ದನ್ನು ಹಿಡಿದಿದ್ದರೆ, ಆ ಬ್ರಾಂಚ್‌ನ ಸಬ್‌ನೆಟ್ (ಐಪಿ ವಿಳಾಸಗಳ ಗುಂಪು) ಅನ್ನು ಸರ್ವರ್‌ನ 'ಸೈಟ್ಸ್ ಅಂಡ್ ಸರ್ವೀಸಸ್'ನಲ್ಲಿ ಯಾರೂ ಸೇರಿಸಿಲ್ಲದಿರಬಹುದು.

ಇಷ್ಟೂ ಸರಿ ಇದ್ದರೆ ಇವೆಂಟ್ ವ್ಯೂವರ್‌ನಲ್ಲಿ ಗ್ರೂಪ್ ಪಾಲಿಸಿಯ ಆಪರೇಷನಲ್ ಲಾಗ್ ತೆರೆಯಿರಿ. ಇವೆಂಟ್ 8001 ಬಳಕೆದಾರರ ಪಾಲಿಸಿಗೆ ಒಟ್ಟು ಎಷ್ಟು ಸೆಕೆಂಡು ಹಿಡಿಯಿತೆಂದು ಹೇಳುತ್ತದೆ. ಒಂದೊಂದು ಎಕ್ಸ್‌ಟೆನ್ಷನ್‌ಗೆ (ಪಾಲಿಸಿಯ ಒಂದೊಂದು ಬಗೆಯ ಕೆಲಸಕ್ಕೆ) ಎಷ್ಟು ಮಿಲಿಸೆಕೆಂಡು ಎಂಬುದು 5016ರಲ್ಲಿ. ಊಹೆಗೆ ಅಲ್ಲಿ ಜಾಗವಿಲ್ಲ. ನೆಟ್‌ವರ್ಕ್ ಡ್ರೈವ್ ಜೋಡಿಸುವ ಡ್ರೈವ್ ಮ್ಯಾಪ್ಸ್ ಮುಂದೆ 45000 ಎಂದಿದ್ದರೆ, ಯಾವಾಗಲೋ ತೆಗೆದುಹಾಕಿದ ಫೈಲ್ ಸರ್ವರ್ ಇನ್ನೂ ಪಾಲಿಸಿಯಲ್ಲಿ ಉಳಿದಿರಬಹುದು. ಆ ಪಾಲಿಸಿಯಲ್ಲಿ 'ರಿಪ್ಲೇಸ್' ಎಂದಿದ್ದರೆ 'ಅಪ್‌ಡೇಟ್' ಮಾಡಿ. ರಿಪ್ಲೇಸ್ ಪ್ರತಿ ಸಲವೂ ಡ್ರೈವ್ ಕಿತ್ತುಹಾಕಿ ಹೊಸದಾಗಿ ಜೋಡಿಸುತ್ತದೆ. 'ವೆಲ್‌ಕಮ್' ಪರದೆಯಿಂದ ಸರಿಸುಮಾರು ಹತ್ತು ನಿಮಿಷಕ್ಕೇ ಬಿಡುಗಡೆ ಆಗುತ್ತಿದ್ದರೆ ಅದು ಸ್ಕ್ರಿಪ್ಟ್‌ನ ಕೆಲಸ ಇರಬಹುದು: ಪಾಲಿಸಿ ಸ್ಕ್ರಿಪ್ಟ್‌ಗಳಿಗೆ ವಿಂಡೋಸ್ ಕೊಡುವ ಗಡುವು 600 ಸೆಕೆಂಡು. ಕಾಣದ ಕಿಟಕಿಯಲ್ಲಿ 'ಹೌದು/ಇಲ್ಲ' ಕೇಳುತ್ತ ನಿಂತ ಬ್ಯಾಚ್ ಫೈಲ್ ಆ ಗಡುವನ್ನು ಪೂರ್ತಿ ನುಂಗುತ್ತದೆ.

ರೋಮಿಂಗ್ ಪ್ರೊಫೈಲ್ (ಕೂತ ಪಿಸಿಗೆಲ್ಲ ಸರ್ವರ್‌ನಿಂದ ಬರುವ ಬಳಕೆದಾರರ ಫೈಲು, ಸೆಟ್ಟಿಂಗ್) ಇರುವಲ್ಲಿ ಲೆಕ್ಕ ಹಾಕಿ ನೋಡಿ. ಡೆಸ್ಕ್‌ಟಾಪ್ ಮೇಲೆ 3 ಜಿಬಿ ಮದುವೆ ವಿಡಿಯೋ ಇಟ್ಟವರು ಹೊಸ ಪಿಸಿಯಲ್ಲಿ ಕೂತರೆ, 100 ಎಂಬಿಪಿಎಸ್ ಲಿಂಕ್‌ನಲ್ಲಿ ಸೆಕೆಂಡಿಗೆ 12 ಎಂಬಿಯಂತೆ ನಾಲ್ಕು ನಿಮಿಷ ಅದಕ್ಕೇ ಹೋಯಿತು. ಗಿಗಾಬಿಟ್ ಸ್ವಿಚ್ ಇದ್ದೂ ಲಿಂಕ್ 100 ಎಂದು ತೋರಿಸುತ್ತಿದ್ದರೆ ಕ್ರಿಂಪಿಂಗ್ (ಕೇಬಲ್ ತುದಿಗೆ ಕನೆಕ್ಟರ್ ಕೂರಿಸಿದ್ದು) ನೋಡಿ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿ ಬೇಕು, ಒಂದು ಜೋಡಿ ಕೈಕೊಟ್ಟರೂ ವೇಗ ನೂರಕ್ಕೆ ಇಳಿಯಬಹುದು. ಸ್ವಿಚ್‌ನಲ್ಲಿ ಹಳೆಯ ಮಾದರಿಯ ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕ್ ಸುತ್ತಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇದ್ದು, ಪಿಸಿ ಪೋರ್ಟ್‌ಗಳಿಗೆ ಆ ಕಾಯುವಿಕೆ ತಪ್ಪಿಸುವ ಪೋರ್ಟ್‌ಫಾಸ್ಟ್ ಹಾಕಿಲ್ಲದಿದ್ದರೆ ಪೋರ್ಟ್ ತೆರೆಯಲು 15 ಮತ್ತು 15, ಒಟ್ಟು 30 ಸೆಕೆಂಡು ಬೇರೆ.

ಕೊನೆಯ ಹಂತ, ಡೆಸ್ಕ್‌ಟಾಪ್ ಬಂದರೂ ಮೌಸ್ ಮಾತು ಕೇಳದಿರುವುದು. ಸ್ಟಾರ್ಟಪ್ ಟ್ಯಾಬ್‌ನಲ್ಲಿ 'ಹೈ' ಎಂದಿರುವವುಗಳಲ್ಲಿ ಬೇಡದ್ದನ್ನು ನಿಲ್ಲಿಸಿ. ಎರಡೆರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ. ಇಲ್ಲಿ ಸ್ಲೋ ಅಲ್ಲದ ಒಂದು ದೂರೂ ಸೇರಿಕೊಳ್ಳುತ್ತದೆ: "ಪಿಸಿ ಬೇಗ ಬರುತ್ತೆ, ಆದರೆ ನೆಟ್‌ವರ್ಕ್ ಡ್ರೈವ್ ಐದು ನಿಮಿಷ ಆದ ಮೇಲೆ ಕಾಣಿಸುತ್ತೆ". ಡ್ರೈವ್ ಜೋಡಿಸುವುದು ಲಾಗಾನ್ ಸ್ಕ್ರಿಪ್ಟ್ (ಲಾಗಿನ್ ಆದಾಗ ತಾನಾಗಿ ಓಡುವ ಸ್ಕ್ರಿಪ್ಟ್) ಆಗಿದ್ದರೆ ಇದು ದೋಷವಲ್ಲ. ವಿಂಡೋಸ್ 8.1ರಿಂದೀಚೆಗೆ ಡೆಸ್ಕ್‌ಟಾಪ್ ಬೇಗ ಬರಲೆಂದು ಲಾಗಾನ್ ಸ್ಕ್ರಿಪ್ಟ್‌ಗಳನ್ನು ಐದು ನಿಮಿಷ ಮುಂದಕ್ಕೆ ಹಾಕಲಾಗುತ್ತದೆ. 'ಕಾನ್ಫಿಗರ್ ಲಾಗಾನ್ ಸ್ಕ್ರಿಪ್ಟ್ ಡಿಲೇ' ಪಾಲಿಸಿಯಲ್ಲಿ 0 ಎಂದು ಕೊಟ್ಟರೆ ಸಾಕು.