ಮಬ್ಬು ಬೆಳಕಿನಲ್ಲಿ ಹೊಡೆಯಲು ಕೋವಿಗೆ ಯಾವ ಸೈಟ್ ಹಾಕಿಸಲಿ?

ಆಗಸ್ಟ್ ಕೊನೆ ಬಂತೆಂದರೆ ನನಗೆ ಫೋನ್ ಶುರುವಾಗುತ್ತದೆ. ಕೇಳುವವರು ಬೇರೆ ಬೇರೆ, ಪ್ರಶ್ನೆ ಒಂದೇ. "ಅಣ್ಣಾ, ಬೆಳಕು ಕಮ್ಮಿ ಆದ ಕೂಡಲೇ ಫ್ರಂಟ್ ಸೈಟೇ ಕಾಣಲ್ಲ. ನನ್ನ ರೈಫಲ್‌ಗೆ ಯಾವ ಸೈಟ್ ಹಾಕಿಸಲಿ? ಕತ್ತಲಲ್ಲಿ ತಾನೇ ಹೊಳೆಯುವ ಟ್ರಿಟಿಯಂ ಸೈಟ್ ತರಿಸಿದರೆ ಹೇಗೆ?"

ಸೈಟ್ ಅಂದರೆ ಕೋವಿಯ ಮೇಲೆ ಗುರಿ ಹಿಡಿಯಲು ಇರುವ ಗುರುತು. ಕಣ್ಣಿನ ಕಡೆ ಕಚ್ಚು ಕೊರೆದ ಹಿಂದಿನ ಸೈಟ್, ನಳಿಗೆಯ ತುದಿಯಲ್ಲಿ ನೆಟ್ಟಗೆ ನಿಂತ ಪೋಸ್ಟ್ ಅಥವಾ ದುಂಡು ಮಣಿಯಂಥ ಬೀಡ್ ಇರುವ ಮುಂದಿನ (ಫ್ರಂಟ್) ಸೈಟ್. ಕೊಡಗಿನ ಹೊರಗಿನವರಿಗೆ ಹಿನ್ನೆಲೆಯನ್ನೂ ಹೇಳಿಬಿಡುತ್ತೇನೆ. ಸೆಪ್ಟೆಂಬರ್ ಮೊದಲ ವಾರದ ಹೊತ್ತಿಗೆ ನಮ್ಮಲ್ಲಿ ಕೈಲ್‌ಪೊಳ್ದ್, ಆಯುಧ ಪೂಜೆಯ ಹಬ್ಬ. ಗದ್ದೆಯಲ್ಲಿ ನಾಟಿ ಮುಗಿದಿರುತ್ತದೆ. ಕೋವಿಗಳನ್ನು ಒರೆಸಿ, ನಳಿಗೆಗೆ ತೋಕ್ ಪೂ (ಕೋವಿ ಹೂ, ಅಂದರೆ ಅಗ್ನಿಶಿಖೆ) ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ಊರೂರಲ್ಲೂ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. .22 ರೈಫಲ್‌ಗೆ ಸಾಮಾನ್ಯವಾಗಿ 50 ಮೀಟರ್, ಹನ್ನೆರಡು ಬೋರ್ ತೋಟಾ ಕೋವಿಗೆ 30 ಮೀಟರ್. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿ ಹಿಡಿಯಿತು. ಹಾಗಾಗಿ ಮನೆಮನೆಯಲ್ಲಿ ಕೋವಿ ಇದೆ, ಹೊಡೆಯುವವರೂ ಇದ್ದಾರೆ. ಆದರೆ ಮಳೆಗಾಲ ಇನ್ನೂ ಬಿಟ್ಟಿರುವುದಿಲ್ಲ. ಮೋಡ, ಮಂಜು, ಸುತ್ತ ಮರ. ಸಾಲು ಉದ್ದವಿದ್ದರೆ ನಿಮ್ಮ ಸರದಿ ಬರುವಷ್ಟರಲ್ಲಿ ಸಂಜೆ. ದುರ್ಬೀನಿನಂಥ ಸ್ಕೋಪ್ ಬಿಡದ ಕಡೆ ಕಬ್ಬಿಣದ ಸೈಟ್ ಒಂದೇ ಗತಿ.

ನನ್ನ ಉತ್ತರ ಇಷ್ಟು: ಮೊದಲು ಹಿಂದಿನ ಸೈಟಿನ ಕಚ್ಚು ಅಗಲ ಮಾಡಿಸಿ. ಆಮೇಲೆ ಮುಂದೆ ಚಪ್ಪಟೆ ಮುಖದ, ಸುಮಾರು 2 ಮಿ.ಮೀ. ಅಗಲದ, ಹಸಿರು ಫೈಬರ್ (ಬೆಳಕು ಹಿಡಿದು ತುದಿಯಲ್ಲಿ ಬಿಡುವ ಪ್ಲಾಸ್ಟಿಕ್ ಕಡ್ಡಿ) ಇರುವ ಸೈಟ್ ಹಾಕಿಸಿ. ಟ್ರಿಟಿಯಂ ಬೇಡ.

ಎಲ್ಲರೂ ಫ್ರಂಟ್ ಸೈಟನ್ನೇ ಬೈಯುತ್ತಾರೆ. ನಿಜವಾದ ತೊಂದರೆ ಹೆಚ್ಚಿನ ಸಲ ಹಿಂದೆ ಇರುತ್ತದೆ. ನಾವು ಗುರಿ ಇಡುವಾಗ ನೋಡುವುದು ಪೋಸ್ಟನ್ನಲ್ಲ, ಪೋಸ್ಟಿನ ಎರಡು ಕಡೆ ಇಣುಕುವ ಬೆಳಕನ್ನು. ಆ ಎರಡು ಗೆರೆ ಸಮ ಇದ್ದರೆ ಗುಂಡು ನಡುವೆ ಹೋಗುತ್ತದೆ. ಒಂದು ಲೆಕ್ಕ ನೋಡಿ. ಹಿಂದಿನ ಸೈಟ್ ಕಣ್ಣಿನಿಂದ 40 ಸೆಂ.ಮೀ., ಮುಂದಿನದು 80 ಸೆಂ.ಮೀ. ದೂರದಲ್ಲಿದೆ ಅಂತ ಇಟ್ಟುಕೊಳ್ಳಿ. 2 ಮಿ.ಮೀ. ಅಗಲದ ಪೋಸ್ಟ್, ಹಿಂದಿನ ಸೈಟಿನ ಜಾಗದಲ್ಲಿ 1 ಮಿ.ಮೀ. ಆಗಿ ಕಾಣುತ್ತದೆ. ಕಚ್ಚಿನ ಅಗಲ 1.5 ಮಿ.ಮೀ. ಇದ್ದರೆ ಪೋಸ್ಟಿನ ಒಂದೊಂದು ಪಕ್ಕಕ್ಕೆ ಉಳಿಯುವುದು ಬರೀ ಕಾಲು ಮಿಲಿಮೀಟರ್ ಸಂದು. ಮಧ್ಯಾಹ್ನದ ಬಿಸಿಲಿಗೆ ಅದು ಸಾಕು. ಸಂಜೆ ಐದೂವರೆಗೆ ಆ ಸಂದು ಮುಚ್ಚಿಯೇ ಹೋಗುತ್ತದೆ, ಪೋಸ್ಟೂ ಕಚ್ಚೂ ಸೇರಿ ಒಂದೇ ಕಪ್ಪು ಮುದ್ದೆ. ಕಚ್ಚನ್ನು 2 ಮಿ.ಮೀ.ಗೆ ತಂದರೆ ಸಂದು ಎರಡರಷ್ಟಾಗುತ್ತದೆ. ಬೆಳಕು ಮತ್ತೆ ಕಾಣುತ್ತದೆ.

ಸಂದು ಮುಚ್ಚುವುದಕ್ಕೆ ಕಾರಣ ಕಣ್ಣಿನಲ್ಲೇ ಇದೆ. ಬಿಸಿಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿ.ಮೀ.ಗೆ ಕುಗ್ಗಿರುತ್ತದೆ. ಕತ್ತಲಾದಂತೆ ಹಿಗ್ಗುತ್ತದೆ, ಹರೆಯದವರಲ್ಲಿ ಆರೇಳು ಮಿ.ಮೀ.ವರೆಗೂ. ಪಾಪೆ ದೊಡ್ಡದಾದಷ್ಟೂ ಬೆಳಕು ಜಾಸ್ತಿ ಒಳಗೆ ಬರುತ್ತದೆ, ಆದರೆ ಒಂದೇ ಸಲಕ್ಕೆ ಹತ್ತಿರದ್ದೂ ದೂರದ್ದೂ ಚೂಪಾಗಿ ಕಾಣುವುದು ಕಮ್ಮಿಯಾಗುತ್ತದೆ. ಹಿಂದಿನ ಸೈಟಿನ ಅಂಚು ಇನ್ನಷ್ಟು ಮಸುಕಾಗಿ, ಆ ಮಸುಕು ಸಂದನ್ನು ತಿಂದುಬಿಡುತ್ತದೆ. ಅದಕ್ಕೇ ಕಿರಿದಾದ ಕಚ್ಚು ಬೆಳಿಗ್ಗೆ ಎಷ್ಟು ಚೆನ್ನಾಗಿ ಹೊಡೆದರೂ ಸಂಜೆ ಕೈಕೊಡುತ್ತದೆ. ಕಚ್ಚು ಅಗಲ ಮಾಡುವ ಕೆಲಸ ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಕೈಲೇ ಆಗಲಿ. ಚೌಕನಾದ ಕಚ್ಚು ಇರಲಿ, ಅಂಚು ಚೂಪಾಗಿರಲಿ. ಎರಡು ಪಕ್ಕದ ಸಂದು ಸೇರಿ ಕಣ್ಣಿಗೆ ಕಾಣುವ ಪೋಸ್ಟಿನ ಅಗಲದಷ್ಟಾದರೆ ಸಾಕು. ಅದಕ್ಕಿಂತ ಜಾಸ್ತಿ ಕೆರೆದರೆ ಎಡ ಬಲ ತಪ್ಪಲು ಶುರುವಾಗುತ್ತದೆ.

ಇನ್ನು ಮುಂದಿನ ಸೈಟ್. "ದಪ್ಪ ಬೀಡ್ ಹಾಕಿಸಿದರೆ ಚೆನ್ನಾಗಿ ಕಾಣಲ್ವಾ?" ಕಾಣುತ್ತದೆ. ಆದರೆ ತೆಂಗಿನಕಾಯಿ ಕಾಣುವುದಿಲ್ಲ. 80 ಸೆಂ.ಮೀ. ದೂರದ 2 ಮಿ.ಮೀ. ಪೋಸ್ಟ್, 50 ಮೀಟರ್ ಆಚೆ ಹನ್ನೆರಡೂವರೆ ಸೆಂ.ಮೀ. ಅಗಲವನ್ನು ಮುಚ್ಚುತ್ತದೆ. ಸುಲಿದ ಕಾಯಿಯೊಂದರ ಅಗಲ ಹೆಚ್ಚು ಕಡಿಮೆ ಅಷ್ಟೇ. ಅಂದರೆ ಕಾಯಿ ಪೋಸ್ಟಿನ ತಲೆಯ ಮೇಲೆ ಸರಿಯಾಗಿ ಕೂರುತ್ತದೆ, ಕಣ್ಣಿಗೆ ಅಳತೆ ಸಿಗುತ್ತದೆ. 3 ಮಿ.ಮೀ. ಹಾಕಿಸಿದರೆ 19 ಸೆಂ.ಮೀ. ಹತ್ತಿರ ಮುಚ್ಚುತ್ತದೆ, ಕಾಯಿಯ ನಡು ಎಲ್ಲಿ ಅಂತ ಊಹಿಸಿ ಹೊಡೆಯಬೇಕು. 30 ಮೀಟರ್ ಒಳಗೆ ಬೇಗ ಬೇಗ ಹೊಡೆಯುವ ತೋಟಾ ಕೋವಿಗೆ ದಪ್ಪ ಬೀಡ್ ಸರಿ. ಒಂದೇ ಗುಂಡಿಗೆ ಗೆಲ್ಲಬೇಕಾದ ರೈಫಲ್‌ಗೆ ಸರಿಯಲ್ಲ.

ದುಂಡು ಬೀಡಿಗೆ ಇನ್ನೊಂದು ದೋಷ ಇದೆ. ಬೆಳಕು ಒಂದೇ ಕಡೆಯಿಂದ ಬೀಳುತ್ತಿದ್ದರೆ ಬೀಡಿನ ಆ ಪಕ್ಕ ಮಾತ್ರ ಹೊಳೆಯುತ್ತದೆ. ಕಣ್ಣು ಹೊಳೆಯುವ ಭಾಗವನ್ನೇ ಇಡೀ ಬೀಡು ಅಂತ ತಿಳಿದು ಅದನ್ನು ಕಾಯಿಯ ಮೇಲೆ ಇಡುತ್ತದೆ. ಗುಂಡು ಬೆಳಕಿನ ಎದುರು ಪಕ್ಕಕ್ಕೆ ಹೋಗುತ್ತದೆ. ಮೈದಾನದ ಒಂದೇ ಬದಿಯಲ್ಲಿ ಮರಗಳಿದ್ದು ಇನ್ನೊಂದು ಬದಿ ತೆರೆದಿದ್ದರೆ ಇದು ನಡೆದೇ ನಡೆಯುತ್ತದೆ. ಚಪ್ಪಟೆ ಮುಖ ಇರಲಿ ಅಂತ ನಾನು ಹೇಳುವುದು ಇದಕ್ಕೇ.

ಬಣ್ಣ ಆರಿಸುವ ಮೊದಲು ಕಾಯಿಯ ಹಿಂದೆ ಏನಿದೆ ನೋಡಿ. ಎತ್ತರದ ಕೊಂಬೆಗೆ ಕಟ್ಟಿದ ಕಾಯಿಯ ಹಿಂದೆ ಆಕಾಶ ಇದ್ದರೆ, ಸಾದಾ ಕಪ್ಪು ಪೋಸ್ಟ್ ಎಷ್ಟು ಹೊತ್ತಾದರೂ ಸ್ಪಷ್ಟವಾಗಿ ಕಾಣುತ್ತದೆ. ಬಿಳಿ ಬಳಿದರೆ ಅಲ್ಲೇ ಕೆಟ್ಟಿತು. ಅದೇ ಕಾಯಿ ಮಣ್ಣಿನ ಬರೆಯ ಮುಂದೆಯೋ ಕಾಫಿ ಗಿಡಗಳ ಮುಂದೆಯೋ ಇದ್ದರೆ ಕಪ್ಪಿನ ಮೇಲೆ ಕಪ್ಪು, ಏನೂ ಕಾಣದು. ಅಲ್ಲಿ ತಿಳಿ ಬಣ್ಣ ಬೇಕು. ಗುಂಡನ್ನು ತಡೆಯುವ ಮಣ್ಣಿನ ಬರೆ ಹಿಂದೆ ಇರುವ ಜಾಗವೇ ಒಳ್ಳೆಯ ಜಾಗ, ಆದ್ದರಿಂದ ನೀವು ತಿಳಿ ಬಣ್ಣಕ್ಕೇ ತಯಾರಾಗಿ.

ಹಸಿರೋ ಕೆಂಪೋ ಅಂತ ಕೇಳುವವರಿಗೆ ನಾನು ತೋಕ್ ಪೂ ನೋಡಿ ಅನ್ನುತ್ತೇನೆ. ಪೂಜೆ ಮುಗಿದ ಮೇಲೆ, ದೀಪ ಹಚ್ಚುವ ಮೊದಲು, ನಳಿಗೆಯಲ್ಲಿರುವ ಹೂವನ್ನು ಗಮನಿಸಿ. ಹಗಲಿನಲ್ಲಿ ಉರಿಯುವಂತೆ ಕಾಣುವ ಕೆಂಪು ದಳ ಮೊದಲು ಕಪ್ಪಾಗುತ್ತದೆ. ದಳದ ಬುಡದ ಹಳದಿ ಅಂಚು ಇನ್ನೂ ಉಳಿದಿರುತ್ತದೆ. ಎಲೆಯ ಹಸಿರು ಇನ್ನೂ ಸ್ವಲ್ಪ ಹೊತ್ತು ತಿಳಿಯಾಗಿ ಕಾಣುತ್ತದೆ. ಇದಕ್ಕೆ ಪುರ್ಕಿನ್ಯೆ ಪರಿಣಾಮ ಅಂತ ಹೆಸರು. ಹಗಲಿನಲ್ಲಿ ನಮ್ಮ ಕಣ್ಣಿಗೆ ಅತಿ ಹೆಚ್ಚು ಹೊಳಪಾಗಿ ಕಾಣುವುದು ಸುಮಾರು 555 ನ್ಯಾನೋಮೀಟರ್‌ನ ಹಳದಿ ಮಿಶ್ರಿತ ಹಸಿರು. ಕತ್ತಲಾದಂತೆ ಅದು 507ರ ಸುಮಾರಿಗೆ, ನೀಲಿಯ ಕಡೆಗೆ ಸರಿಯುತ್ತದೆ. ಕೆಂಪು ಆ ದಾರಿಯಲ್ಲಿ ಎಲ್ಲಕ್ಕಿಂತ ಹಿಂದೆ. ಹಸಿರೇ ಸರಿ ಅನ್ನಲು ಇನ್ನೇನು ಬೇಕು?

ಫೈಬರ್ ಅಂದರೆ ಬಣ್ಣದ ಪ್ಲಾಸ್ಟಿಕ್ ಕಡ್ಡಿ ಅಷ್ಟೇ. ತನ್ನ ಉದ್ದಕ್ಕೂ ಬೀಳುವ ಬೆಳಕನ್ನು ಒಳಗೆ ಎಳೆದುಕೊಂಡು ತುದಿಯಲ್ಲಿ ಬಿಡುತ್ತದೆ. ಆದ್ದರಿಂದ ಕಡ್ಡಿ ಉದ್ದ ಇರಬೇಕು, ಮೇಲ್ಭಾಗ ತೆರೆದಿರಬೇಕು. ಪೂರ್ತಿ ಕತ್ತಲಲ್ಲಿ ಅದು ಸತ್ತಂತೆ. ಸಂಜೆಗೆ ಮಾತ್ರ ಅದಕ್ಕೆ ಸಮ ಇಲ್ಲ. ಹಿಂದಿನ ಸೈಟಿಗೂ ಎರಡು ಹಸಿರು ಚುಕ್ಕೆ ಇರುವ ಸೆಟ್ ಸಿಗುತ್ತದೆ, ನಾನು ಒಪ್ಪುವುದಿಲ್ಲ. ಮಬ್ಬಿನಲ್ಲಿ ಮೂರು ಚುಕ್ಕೆ ಕಂಡರೆ ಯಾವುದು ಮುಂದಿನದು ಅಂತ ಕಣ್ಣು ತಡಕಾಡುತ್ತದೆ. ಹಿಂದೆ ಸಾದಾ ಕಪ್ಪೇ ಇರಲಿ. ಸೈಟ್ ಬದಲಿಸಲು ದುಡ್ಡಿಲ್ಲದವರು ಪೋಸ್ಟಿನ ಮುಖಕ್ಕೆ ಮೊದಲು ಬಿಳಿ, ಒಣಗಿದ ಮೇಲೆ ಗಿಳಿಹಸಿರು ನೇಲ್ ಪಾಲಿಶ್ ಹಚ್ಚಿ ನೋಡಿ. ಬಿಳಿ ಬುಡ ಇಲ್ಲದಿದ್ದರೆ ಹಸಿರು ಮಂಕಾಗುತ್ತದೆ. ಬೇಡವಾದರೆ ಒರೆಸಿದರಾಯಿತು.

ಕ್ಲಬ್‌ನಲ್ಲಿ ಏರ್ ರೈಫಲ್ ಹೊಡೆಯುವ ಹುಡುಗರು ಪೀಪ್ ಸೈಟ್, ಅಂದರೆ ಹಿಂದೆ ಕಚ್ಚಿನ ಬದಲು ತೂತಿನ ಮೂಲಕ ನೋಡುವ ಸೈಟ್, ಕೇಳುತ್ತಾರೆ. ಪೀಪ್ ಬಹಳ ಒಳ್ಳೆಯದು, ತೂತು ದೊಡ್ಡದಿದ್ದರೆ. ಟಾರ್ಗೆಟ್ ರೈಫಲ್‌ನ ಒಂದು ಮಿ.ಮೀ. ಚಿಲ್ಲರೆಯ ತೂತು ಚೂಪುತನ ಕೊಡುತ್ತದೆ, ಬೆಳಕನ್ನು ಕದಿಯುತ್ತದೆ. ಅಮೆರಿಕದ ಸೇನೆಯ ಎಂ16ಎ2 ರೈಫಲ್‌ನಲ್ಲಿ ಇದಕ್ಕೆಂದೇ ಎರಡು ತೂತು ಕೊಟ್ಟಿದ್ದಾರೆ: ಹಗಲಿಗೆ 1.75 ಮಿ.ಮೀ., ಹತ್ತಿರದ ಗುರಿಗೂ ಮಬ್ಬು ಬೆಳಕಿಗೂ 5 ಮಿ.ಮೀ. ತಿರುಗಿಸಿ ತೂತು ಹಿಗ್ಗಿಸುವ ಐರಿಸ್ ಇರುವ ಪೀಪ್ ಸಿಕ್ಕರೆ ತೆಗೆದುಕೊಳ್ಳಿ.

ಟ್ರಿಟಿಯಂ ಯಾಕೆ ಬೇಡ? ಅದು ಜಲಜನಕದ ವಿಕಿರಣ ಸೂಸುವ ರೂಪ. ಸಣ್ಣ ಗಾಜಿನ ಕೊಳವೆಯಲ್ಲಿ ಮುಚ್ಚಿಟ್ಟು, ಒಳಗೆ ಬಳಿದ ಪುಡಿಯನ್ನು ಹೊಳೆಯುವಂತೆ ಮಾಡುತ್ತಾರೆ. ಬ್ಯಾಟರಿ ಬೇಡ, ಚಾರ್ಜ್ ಬೇಡ. ಆದರೆ ಸುಮಾರು 12.3 ವರ್ಷಕ್ಕೆ ಅರ್ಧ ಟ್ರಿಟಿಯಂ ಕರಗಿಹೋಗುತ್ತದೆ, ಹೊಳಪೂ ಅದರ ಜೊತೆ ಇಳಿಯುತ್ತದೆ. ವಿಕಿರಣ ವಸ್ತು ಅಂದ ಮೇಲೆ ನಮ್ಮ ದೇಶದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳೂ ಇವೆ, ಸುಮ್ನೆ ಕೊರಿಯರ್‌ನಲ್ಲಿ ತರಿಸುವ ಸಾಮಾನಲ್ಲ. ಇದೆಲ್ಲಕ್ಕಿಂತ ದೊಡ್ಡ ಕಾರಣ ಬೇರೆ. ಸಂಜೆ ಬೆಳಕು ಇರುವ ತನಕ ಟ್ರಿಟಿಯಂನ ಮಂದ ಹೊಳಪು ಆ ಬೆಳಕಿನಲ್ಲೇ ಮುಚ್ಚಿಹೋಗುತ್ತದೆ. ಅದು ಚೆನ್ನಾಗಿ ಕಾಣುವಷ್ಟು ಕತ್ತಲಾದಾಗ ತೆಂಗಿನಕಾಯಿ ಕಾಣುವುದಿಲ್ಲ. ಸೈಟ್ ಕಂಡು ಗುರಿ ಕಾಣದಿದ್ದರೆ ಏನು ಪ್ರಯೋಜನ?

ಕೆಲವರು ಸ್ಪರ್ಧೆಯ ಹೆಸರು ಹೇಳಿ ಶುರು ಮಾಡಿ, ಕೊನೆಗೆ "ರಾತ್ರಿ ತೋಟಕ್ಕೆ ಹಂದಿ ಬರ್ತದೆ ಅಣ್ಣಾ" ಅನ್ನುತ್ತಾರೆ. ಅವರಿಗೆ ನಾನು ಸೈಟ್ ಹೇಳುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಒಂದು ಕಡೆ ಇರಲಿ, ಕಣ್ಣೇ ಅದಕ್ಕೆ ಆಗಿಲ್ಲ. ನಾವು ನೆಟ್ಟ ನೋಟ ಇಡುವ ಜಾಗ, ಕಣ್ಣಿನ ಹಿಂಪರದೆಯ ನಟ್ಟನಡುವಿನ ಚುಕ್ಕೆ. ಕತ್ತಲಲ್ಲಿ ಕೆಲಸ ಮಾಡುವ ಕೋಶಗಳು ಅಲ್ಲಿ ಇಲ್ಲವೇ ಇಲ್ಲ. ಅವು ಸುತ್ತ ಇರುವುದು. ಹಾಗಾಗಿ ಕತ್ತಲಲ್ಲಿ ಒಂದು ಆಕಾರವನ್ನು ನೇರ ದಿಟ್ಟಿಸಿದಷ್ಟೂ ಅದು ಮಾಯವಾಗುತ್ತದೆ, ಓರೆಗಣ್ಣಿನಲ್ಲಿ ಮತ್ತೆ ಕಾಣುತ್ತದೆ. ಗುರಿ ಇಡುವುದು ಅಂದರೆ ನೇರ ದಿಟ್ಟಿಸುವುದು. ನೇರ ನೋಡಿದಾಗ ಕಾಣದ್ದನ್ನು ಸೈಟ್ ತೋರಿಸಿಕೊಡುವುದಿಲ್ಲ. ಹಂದಿ ಅಂದುಕೊಂಡು ಮನುಷ್ಯರಿಗೆ ಹೊಡೆದ ಸುದ್ದಿಗಳನ್ನು ಕೊಡಗಿನಲ್ಲೂ ಮಲೆನಾಡಿನಲ್ಲೂ ನಾವೆಲ್ಲ ಓದಿದ್ದೇವೆ. ಕಾಯಿಯ ಜುಟ್ಟು ಯಾವ ಕಡೆಗಿದೆ ಅಂತ ಬರಿಗಣ್ಣಿಗೆ ತಿಳಿಯದಷ್ಟು ಕತ್ತಲಾದರೆ ಸ್ಪರ್ಧೆಯಲ್ಲೂ ಕೋವಿ ಖಾಲಿ ಮಾಡಿ ಇಳಿಸಿ. ಸಂಘಟಕರೂ ಅಲ್ಲಿಗೆ ನಿಲ್ಲಿಸಬೇಕು.

ನಲವತ್ತೈದು ದಾಟಿದವರಿಗೆ ಬೇರೆ ಸಲಹೆ. ನಿಮಗೆ ಸೈಟ್‌ಗಿಂತ ಮೊದಲು ಕನ್ನಡಕ ಬೇಕಾಗಿರಬಹುದು. ಓದುವ ಕನ್ನಡಕ 40 ಸೆಂ.ಮೀ. ದೂರಕ್ಕೆ ಮಾಡಿದ್ದು, ಫ್ರಂಟ್ ಸೈಟ್ ಅದರ ಎರಡರಷ್ಟು ದೂರದಲ್ಲಿದೆ. ಕೋವಿ ಹಿಡಿದಾಗ ಕಣ್ಣಿನಿಂದ ಫ್ರಂಟ್ ಸೈಟ್‌ವರೆಗಿನ ಅಳತೆಯನ್ನು ಟೇಪ್‌ನಲ್ಲಿ ತೆಗೆದು ಬರೆದುಕೊಂಡು ಹೋಗಿ ಕಣ್ಣಿನ ಡಾಕ್ಟರಿಗೆ ಕೊಡಿ. ದೂರದ ನಂಬರಿಗೆ ಅರ್ಧ ಅಥವಾ ಮುಕ್ಕಾಲು ಪವರ್ ಸೇರಿಸಿದರೆ ಹೆಚ್ಚಿನವರಿಗೆ ಪೋಸ್ಟ್ ಚೂಪಾಗುತ್ತದೆ, ಕಾಯಿ ಸ್ವಲ್ಪ ಮಸುಕಾದರೂ ಗುರುತು ಸಿಗುತ್ತದೆ. ಹಳದಿ ಗಾಜು, ಕಪ್ಪು ಗಾಜು ಸಂಜೆಗೆ ಬೇಡವೇ ಬೇಡ, ಇರುವ ಬೆಳಕನ್ನೂ ಕಮ್ಮಿ ಮಾಡುತ್ತವೆ.

ಸೈಟ್ ಬದಲಿಸಿದ ಮೇಲೆ ನೇರ ಮೈದಾನಕ್ಕೆ ಬರಬೇಡಿ. ಹೊಸ ಫ್ರಂಟ್ ಸೈಟ್ ಹಳೆಯದಕ್ಕಿಂತ ಅರ್ಧ ಮಿ.ಮೀ. ಎತ್ತರ ಇದ್ದರೂ 50 ಮೀಟರ್‌ನಲ್ಲಿ ಗುಂಡು ಆರು ಸೆಂ.ಮೀ. ಕೆಳಗೆ ಬೀಳುತ್ತದೆ, ಅಂದರೆ ಕಾಯಿಯ ನಡುವಿಗೆ ಹಿಡಿದದ್ದು ಬುಡ ಸವರಿ ಹೋಗುತ್ತದೆ. ಸ್ಪರ್ಧೆಯಲ್ಲಿ ಯಾವ ತೋಟಾ ಬಳಸುತ್ತೀರೋ ಅದರಲ್ಲೇ, ಅನುಮತಿ ಇರುವ ರೇಂಜ್‌ನಲ್ಲಿ, 50 ಮೀಟರ್‌ಗೆ ಗುರಿ ಕೂರಿಸಿಕೊಳ್ಳಿ, ಅಂದರೆ ಗುಂಡು ಗುರಿ ಇಟ್ಟಲ್ಲೇ ಬೀಳುವಂತೆ ಸೈಟ್ ಹೊಂದಿಸಿಕೊಳ್ಳಿ. ಮೊದಲು ಮಧ್ಯಾಹ್ನ ಒಂದಷ್ಟು ಗುಂಡು, ಅದೇ ದಿನ ಸಂಜೆ ಇನ್ನೊಂದಷ್ಟು. ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿ. ಸಂಜೆಯ ಗುಂಡಿನ ತೂತುಗಳ ಗುಂಪು ಎಷ್ಟು ಸರಿದಿದೆ, ಯಾವ ಕಡೆಗೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ. ಸರದಿ ತಡವಾಗಿ ಬಂದರೆ ಅಷ್ಟನ್ನು ಲೆಕ್ಕಕ್ಕೆ ಹಿಡಿದು ಗುರಿ ಇಡಿ.